ಜೆರೇನಿಯಂ ಚಳಿಗಾಲ ಎಲ್ಲಿ ಕಳೆಯಲಿ: ಕಿಟಕಿಯೋ, ನೆಲಮಾಳಿಗೆಯೋ, ಕಾಗದದ ಚೀಲವೋ, ಮೊಸರಿನ ಕಪ್ಪೋ?

ಸೆಪ್ಟೆಂಬರ್ ಮೂರನೇ ವಾರ ಬಂತೆಂದರೆ ಒಂದೇ ಪ್ರಶ್ನೆ ಮೂರು ದಿಕ್ಕಿನಿಂದ ಬರುತ್ತದೆ. ಈ ಸಲವೂ ಬಂತು. ಸ್ಟುಟ್‌ಗಾರ್ಟ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿರುವ ಗೆಳತಿಯದು: "ಅಕ್ಕಾ, ಬಾಲ್ಕನಿ ತುಂಬ ಹನ್ನೆರಡು ಜೆರೇನಿಯಂ ಇದೆ. ಇನ್ನೂ ಹೂ ಬಿಡ್ತಾ ಇರೋದನ್ನ ಬಿಸಾಡೋಕೆ ಮನಸ್ಸೇ ಬರ್ತಿಲ್ಲ." ಮಿಷಿಗನ್‌ನಲ್ಲಿರುವ ಭಾವನಿಗೆ ಜಾಗದ ಬರವಿಲ್ಲ. ಗ್ಯಾರೇಜು, ಬೇಸ್‌ಮೆಂಟು ಎರಡೂ ಇವೆ. "ಯಾವುದರಲ್ಲಿ ಇಡಬೇಕು ಅಂತ ಹೇಳಿಬಿಡು, ಮುಂದಿನದು ನಾನು ನೋಡ್ಕೋತೀನಿ" ಎಂದರು. ಇನ್ನು ಎಡಿನ್‌ಬರೊದಲ್ಲಿ ಈ ಬೇಸಿಗೆಯಲ್ಲಷ್ಟೇ ಮನೆ ಕೊಂಡ ದಂಪತಿ. ಹಳೆಯ ಮಾಲೀಕರು ನೆಲದಲ್ಲೇ ನೆಟ್ಟು ಹೋದ ಜೆರೇನಿಯಂ ಹಿತ್ತಿಲಲ್ಲಿದೆ, ಅಗೆದು ಒಳಗೆ ತರಬೇಕೇ ಎಂದು ಅವರ ಚಿಂತೆ.

ನಾನಿರುವುದು ಮ್ಯೂನಿಕ್‌ನ ಹೊರವಲಯದ ಮೂರನೇ ಮಹಡಿಯಲ್ಲಿ. ಹನ್ನೊಂದು ಚಳಿಗಾಲದಲ್ಲಿ ಕೆಳಗೆ ಹೇಳುವ ದಾರಿಗಳನ್ನೆಲ್ಲ ಒಂದಲ್ಲ ಒಂದು ಸಲ ಹಿಡಿದಿದ್ದೇನೆ, ಅರ್ಧದಲ್ಲಿ ಕೈಸುಟ್ಟುಕೊಂಡಿದ್ದೇನೆ. ಇಷ್ಟರಲ್ಲಿ ಅರ್ಥವಾದದ್ದೇನೆಂದರೆ, ಆಯ್ಕೆಯನ್ನು ಗಿಡ ನೋಡಿ ಮಾಡಬಾರದು, ಮನೆ ನೋಡಿ ಮಾಡಬೇಕು. ಬಹುತೇಕರು ಮೊದಲು ಗಿಡ ಒಳಗೆ ತಂದು ಆಮೇಲೆ ಜಾಗ ಹುಡುಕುತ್ತಾರೆ. ಅಲ್ಲೇ ಎಡವುವುದು.

ಮೊದಲು, ನಿಮ್ಮದು ಯಾವ ಜೆರೇನಿಯಂ?

ಜೆರೇನಿಯಂ ಎಂಬ ಹೆಸರಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ಬಾಲ್ಕನಿಯಿಂದ ಕೆಂಪಗೆ, ಗುಲಾಬಿಯಾಗಿ ಇಳಿಬಿದ್ದಿರುವುದು ನಿಜಕ್ಕೂ ಪೆಲಾರ್ಗೋನಿಯಂ, ದಕ್ಷಿಣ ಆಫ್ರಿಕಾ ಮೂಲದ್ದು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಎಲ್ಲವನ್ನೂ ಜೆರೇನಿಯಂ ಎಂಬ ಒಂದೇ ಬುಟ್ಟಿಗೆ ಹಾಕಿದ್ದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಅವನ್ನು ಬೇರ್ಪಡಿಸಿದ. ಸಸ್ಯಶಾಸ್ತ್ರಜ್ಞರು ಒಪ್ಪಿಕೊಂಡರು, ಹೂ ಮಾರುವವರು ಇವತ್ತಿಗೂ ಒಪ್ಪಿಕೊಂಡಿಲ್ಲ. ನಿಜವಾದ ಜೆರೇನಿಯಂ, ಅಂದರೆ ಇಂಗ್ಲಿಷರು ಕ್ರೇನ್ಸ್‌ಬಿಲ್ ಎನ್ನುವುದರಲ್ಲಿ ಹೆಚ್ಚಿನವು ಯೂರೋಪಿನ ಹಿಮಕ್ಕೆ ಜಗ್ಗುವಂಥವಲ್ಲ.

ಗುರುತಿಸುವುದು ಸುಲಭ. ಒಂದು ಹೂವನ್ನು ಕಿತ್ತು ಅಂಗೈಯಲ್ಲಿಟ್ಟುಕೊಳ್ಳಿ. ಐದು ಎಸಳೂ ಬಟ್ಟಲಿನ ಅಂಚಿನಂತೆ ಒಂದೇ ಸಮ ಇದ್ದರೆ ಕ್ರೇನ್ಸ್‌ಬಿಲ್. ಮೇಲಿನ ಎರಡು ಒಂದು ಬಗೆ, ಕೆಳಗಿನ ಮೂರು ಇನ್ನೊಂದು ಬಗೆ ಇದ್ದರೆ ಪೆಲಾರ್ಗೋನಿಯಂ. ಎಸಳು ಒತ್ತೊತ್ತಾಗಿರುವ ಜೋಡಿ ಹೂವಾದರೆ ಈ ಲೆಕ್ಕ ಸಿಗುವುದಿಲ್ಲ. ಆಗ ಕಾಂಡ ನೋಡಿ, ಬೆರಳು ದಪ್ಪದ ರಸಭರಿತ ಕಾಂಡವಿದ್ದರೆ ಪೆಲಾರ್ಗೋನಿಯಂ. ಇನ್ನು ಹೂವು ಅಚ್ಚ ನೀಲಿ ಇದ್ದರೆ ಪರೀಕ್ಷೆಯೇ ಬೇಡ, ಪೆಲಾರ್ಗೋನಿಯಂನಲ್ಲಿ ಆ ನೀಲಿ ಇಲ್ಲ.

ಎಡಿನ್‌ಬರೊದವರು ಕಳಿಸಿದ ಫೋಟೋದಲ್ಲಿ ನೀಲಿನೇರಳೆ ಹೂವು, ನಡುವೆ ಬಿಳಿ. ನೋಡಿದರೆ ರೊಜಾನ್ ಎಂಬ ಕ್ರೇನ್ಸ್‌ಬಿಲ್ ತಳಿ ಇದ್ದಂತಿದೆ. 2013ರಲ್ಲಿ ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನಕ್ಕೆ ನೂರು ತುಂಬಿದಾಗ ಶತಮಾನದ ಗಿಡ ಎಂದು ಆರಿಸಿದ್ದು ಇದನ್ನೇ. ಅವರಿಗೆ ಹೇಳಿದ್ದು ಇಷ್ಟು: ಅಗೆಯಬೇಡಿ, ಒಣಗಿದ ಎಲೆ ಕತ್ತರಿಸಿ ಸುಮ್ಮನೆ ಬಿಡಿ, ವಸಂತದಲ್ಲಿ ತಾನೇ ಏಳುತ್ತದೆ. ಮೂವರಲ್ಲಿ ಒಬ್ಬರ ಕೆಲಸ ಇಲ್ಲಿಗೇ ಮುಗಿಯಿತು. ಮುಂದಿನದೆಲ್ಲ ಬಾಲ್ಕನಿಯ ಪೆಲಾರ್ಗೋನಿಯಂಗೆ.

ಏನೇನು ನೋಡಿ ತೀರ್ಮಾನಿಸಬೇಕು

ಎಲ್ಲಕ್ಕಿಂತ ಮೊದಲು ತಾಪ. ಈ ಗಿಡಕ್ಕೆ ಚಳಿಗಾಲದಲ್ಲಿ ಬೇಕಾದ್ದು 5ರಿಂದ 10 ಡಿಗ್ರಿ. ಸೊನ್ನೆಗಿಳಿದರೆ ಕಾಂಡದೊಳಗಿನ ನೀರು ಹೆಪ್ಪುಗಟ್ಟಿ, ಬೆಳಿಗ್ಗೆ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ. ಹದಿನೈದು ದಾಟಿದರೆ ಅದಕ್ಕೆ ಚಳಿಗಾಲ ಬಂದದ್ದೇ ತಿಳಿಯುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಬೆಳೆಯಲು ಬೆಳಕು ಬೇಕು. ಡಿಸೆಂಬರ್ ಕೊನೆಯಲ್ಲಿ ಮ್ಯೂನಿಕ್‌ನ ಹಗಲು ಎಂಟೂವರೆ ಗಂಟೆಯೂ ಇರುವುದಿಲ್ಲ, ಅದರಲ್ಲೂ ಅರ್ಧ ಮೋಡ.

ಹಾಗಾಗಿ ಎರಡನೆಯದು ಬೆಳಕು. ತಂಪು, ಬೆಳಕು ಎರಡೂ ಇದ್ದರೆ ಸರ್ವೋತ್ತಮ. ತಂಪಿದ್ದು ಬೆಳಕಿಲ್ಲದಿದ್ದರೂ ನಡೆಯುತ್ತದೆ, ಗಿಡ ನಿದ್ದೆ ಮಾಡುತ್ತದೆ. ಬೆಚ್ಚಗಿದ್ದು ಬೆಳಕಿದ್ದರೆ ಹೇಗೋ ದೂಡಬಹುದು. ಬೆಚ್ಚಗೂ ಇದ್ದು ಕತ್ತಲೆಯೂ ಇದ್ದರೆ ಗಿಡ ತನ್ನ ಕಾಂಡದಲ್ಲಿ ಕೂಡಿಟ್ಟ ಸತ್ವವನ್ನೆಲ್ಲ ತಿಂದು, ಸೇವಿಗೆಯಂಥ ಬೆಳ್ಳನೆಯ ಚಿಗುರು ಬಿಟ್ಟು, ಫೆಬ್ರವರಿಯೊಳಗೆ ಸಾಯುತ್ತದೆ. ಈ ಒಂದು ಪ್ಯಾರಾ ನೆನಪಿದ್ದರೆ ಅರ್ಧ ಉತ್ತರ ನೀವೇ ಕಂಡುಕೊಳ್ಳುತ್ತೀರಿ.

ಆಮೇಲಿನವು ಜಾಗ, ದುಡ್ಡು, ನಿಮ್ಮ ನೆನಪಿನ ಶಕ್ತಿ. ಡಿಸೆಂಬರಿನಲ್ಲಿ ಆರು ವಾರ ಊರಿಗೆ ಹೋಗುವವರಿಗೆ ಒಂದು ದಾರಿ, ಮನೆಯಲ್ಲೇ ಇರುವವರಿಗೆ ಇನ್ನೊಂದು. ಕೊನೆಗೆ ಗಿಡದ ಆರೋಗ್ಯ. ಒಳಗೆ ತರುವ ಮುನ್ನ ಎಲೆ ಮಗುಚಿ ನೋಡಿ. ಅಡಿಯಲ್ಲಿ ಕಂದು ಪುಡಿಯ ಉಂಗುರಗಳಿದ್ದರೆ ತುಕ್ಕುರೋಗ. ಎಲೆಯ ಅಂಚಿನಿಂದ ಒಳಕ್ಕೆ ಹಳದಿ ಮುಕ್ಕೋನ ಚಾಚಿಕೊಂಡು, ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬ್ಯಾಕ್ಟೀರಿಯಾ ರೋಗದ ಲಕ್ಷಣ. ಅದಕ್ಕೆ ಮದ್ದಿಲ್ಲ. ಕರುಣೆ ತೋರಿಸದೆ ಕಸದ ಡಬ್ಬಿಗೆ ಹಾಕಿ, ಕಾಂಪೋಸ್ಟಿಗೂ ಬೇಡ.

ಹಗಲಿನ ಬಿಸಿಲು ನೋಡಿ ಮೋಸಹೋಗದೆ, ರಾತ್ರಿಯ ತಾಪ 5 ಡಿಗ್ರಿಗೆ ಇಳಿಯಲು ಶುರುವಾದ ವಾರವೇ ಗಿಡ ಒಳಗಿರಬೇಕು.

ತಂಪು ಕಿಟಕಿ: ಸಿಕ್ಕವರೇ ಪುಣ್ಯವಂತರು

ಹೀಟರ್ ಹಾಕದ ಮಲಗುವ ಕೋಣೆ, ಗಾಜು ಹಾಕಿದ ಬಾಲ್ಕನಿ, ಹಳೆ ಕಟ್ಟಡದ ಮೆಟ್ಟಿಲ ಸಾಲಿನ ಕಿಟಕಿ. ಇಂಥ ಕಡೆ ಕುಂಡದ ಸಮೇತ ಇಟ್ಟುಬಿಡಿ. ಗಿಡವನ್ನು ಮೂರನೇ ಒಂದು ಭಾಗ ಕತ್ತರಿಸಿ, ಹೂವು, ಮೊಗ್ಗು, ಹಳದಿ ಎಲೆ ತೆಗೆದು, ಮಣ್ಣಿನ ಮೇಲ್ಪದರ ಪೂರ್ತಿ ಒಣಗಿದ ಮೇಲಷ್ಟೇ ನೀರು. ಗೊಬ್ಬರ ಫೆಬ್ರವರಿಯ ಕೊನೆಯವರೆಗೂ ಬೇಡ.

ದೊಡ್ಡ ಹೂವಿನ ರೀಗಲ್ ತಳಿ, ಎಲೆ ಹಿಸುಕಿದರೆ ಗುಲಾಬಿ, ನಿಂಬೆ ಪರಿಮಳ ಕೊಡುವ ತಳಿಗಳು, ಇವೆರಡಕ್ಕೂ ನಿಜಕ್ಕೂ ಸರಿಹೊಂದುವ ಜಾಗ ಇದೊಂದೇ. ರೀಗಲ್‌ಗೆ ಮೊಗ್ಗು ಕಟ್ಟಲು ತಂಪು ರಾತ್ರಿಗಳೇ ಬೇಕು. ಅದನ್ನು ಕತ್ತಲೆಯ ನೆಲಮಾಳಿಗೆಯಲ್ಲಿಟ್ಟು ಉಳಿಸಿಕೊಂಡರೂ ಮರುವರ್ಷ ಹೂವಿಗೆ ಕಾದು ಕೂರಬೇಕಾದೀತು.

ತೊಂದರೆ ಏನೆಂದರೆ ಜಾಗ. ಒಂದು ಕಿಟಕಿಗೆ ನಾಲ್ಕು ಕುಂಡ ಹಿಡಿದರೆ ಹೆಚ್ಚು. ಮೆಟ್ಟಿಲ ಕಿಟಕಿಯಾದರೆ ಅಪಾರ್ಟ್‌ಮೆಂಟಿನವರ ನಿಯಮ ಕೇಳಿಕೊಳ್ಳಿ. ದಾರಿಗೆ ಅಡ್ಡ ಏನೂ ಇಡುವಂತಿಲ್ಲ ಎಂದು ನಮ್ಮ ಕಟ್ಟಡದಲ್ಲಿ ಚೀಟಿ ಅಂಟಿಸಿದ್ದರು. ಚೀಟಿಯಲ್ಲಿ ಹೆಸರಿರಲಿಲ್ಲ, ಆದರೆ ಅದು ನನಗೇ ಎಂದು ಎಲ್ಲರಿಗೂ ಗೊತ್ತಿತ್ತು.

ನೆಲಮಾಳಿಗೆ ಅಥವಾ ಗ್ಯಾರೇಜು, ಕುಂಡದ ಸಮೇತ

ಬೆಳಕಿಲ್ಲದ ತಂಪು ಜಾಗಕ್ಕೆ ಇದು ಸರಿ. ಒಳಗೆ ತರುವ ವಾರದ ಮೊದಲೇ ನೀರು ನಿಲ್ಲಿಸಿ ಮಣ್ಣು ಒಣಗಲು ಬಿಡಿ. ಗಿಡವನ್ನು ಮಣ್ಣಿನಿಂದ ಒಂದು ಗೇಣಿಗಿಂತ ಕಡಿಮೆ, ಸುಮಾರು 15 ಸೆಂಟಿಮೀಟರಿಗೆ ಕತ್ತರಿಸಿ. ಎಲೆ ಒಂದೂ ಉಳಿಯಬಾರದು. ಕತ್ತಲಲ್ಲಿ ಎಲೆ ಕೊಳೆತು, ಬೂದು ಬೂಷ್ಟು ಹಿಡಿದು, ಅದು ಕಾಂಡಕ್ಕೆ ದಾಟುತ್ತದೆ. ಬೋಳು ಕಡ್ಡಿಗಳಾಗಿ ನಿಂತ ಗಿಡಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಅರ್ಧ ಲೋಟ ನೀರು ಸಾಕು.

ಆ ಅರ್ಧ ಲೋಟದ್ದೇ ಒಂದು ಕತೆ. ಒಂದು ಜನವರಿಯಲ್ಲಿ ಸಾಗರದಿಂದ ಅಮ್ಮ ಬಂದಿದ್ದರು. ಕಟ್ಟಡದ ನೆಲಮಾಳಿಗೆಯಲ್ಲಿ ನಮ್ಮ ಪಾಲಿನ ಗೂಡಿನಲ್ಲಿ ಆಲೂಗಡ್ಡೆ ಚೀಲದ ಪಕ್ಕ ಆರು ಕುಂಡ ಇಟ್ಟಿದ್ದೆ. ದಿನಾ ಆಲೂಗಡ್ಡೆ ತರುವ ನೆಪದಲ್ಲಿ ಇಳಿಯುತ್ತಿದ್ದ ಅಮ್ಮ, "ಪಾಪ, ಒಣಗಿ ಕಡ್ಡಿ ಆಗ್ಯದೆ. ನಿನಗೆ ಒಂದು ಚೊಂಬು ನೀರು ಹಾಕಕ್ಕೂ ಪುರುಸೊತ್ತಿಲ್ಲ" ಎಂದುಕೊಂಡು ಅಕ್ಕಿ ತೊಳೆದ ನೀರನ್ನೆಲ್ಲ ಅಲ್ಲಿಗೇ ಒಯ್ದರು. ಮಲೆನಾಡಿನ ಹಿತ್ತಿಲಿನ ದಾಸವಾಳಕ್ಕೆ ಅದು ಅಮೃತ. ಮೂರು ವಾರದ ಮೇಲೆ ನಾನು ಕಾಂಡ ಮುಟ್ಟಿದರೆ ಬಾಳೆಹಣ್ಣಿನ ಹಾಗೆ ಮೆತ್ತಗೆ. ಆರರಲ್ಲಿ ಒಂದೂ ಉಳಿಯಲಿಲ್ಲ. ಮನೆಗೆ ಬಂದವರಿಗೆ ಮೊದಲೇ ಹೇಳಿಟ್ಟಿರಿ, ಈ ಗಿಡ ಚಳಿಗಾಲದಲ್ಲಿ ಬಾಯಾರಿ ಸಾಯುವುದು ಕಡಿಮೆ, ಕುಡಿದು ಸಾಯುವುದು ಹೆಚ್ಚು.

ಗ್ಯಾರೇಜಾದರೆ ಬೇರೆ ಲೆಕ್ಕ. ಮನೆಗೆ ಅಂಟಿಕೊಂಡ ಗ್ಯಾರೇಜು ಸಾಮಾನ್ಯವಾಗಿ ಸೊನ್ನೆಯ ಮೇಲಿರುತ್ತದೆ, ಬೇರೆಯಾಗಿ ನಿಂತದ್ದರ ನಂಬಿಕೆಯಿಲ್ಲ. ಕನಿಷ್ಠ ತಾಪವನ್ನು ನೆನಪಿಡುವ ಥರ್ಮಾಮೀಟರ್ ಒಂದನ್ನು ಈಗಲೇ ಅಲ್ಲಿಟ್ಟು, ಮೊದಲ ಚಳಿಯ ರಾತ್ರಿಗಳಲ್ಲಿ ಎಷ್ಟಕ್ಕಿಳಿಯಿತೆಂದು ನೋಡಿ. ಈ ವಿಷಯದಲ್ಲಿ ನೀವು ಖರ್ಚು ಮಾಡಲೇಬೇಕಾದ ಒಂದೇ ವಸ್ತು ಅದು.

ಕಾಗದದ ಚೀಲ: ಕೇಳಲು ಸೊಗಸು

ಗಿಡ ಅಗೆದು, ಬೇರಿನ ಮಣ್ಣು ಕೊಡವಿ, ನೆರಳಲ್ಲಿ ಎರಡು ಮೂರು ದಿನ ಆರಿಸಿ, ಎಲೆ ಬೋಳಿಸಿ, ಕಾಗದದ ಚೀಲದಲ್ಲಿಡುವುದು. ಇಲ್ಲವೇ ಬಾಳೆಗೊನೆ ತೂಗುಹಾಕಿದಂತೆ ಬೇರು ಮೇಲೆ ಮಾಡಿ ತೊಲೆಗೆ ತೂಗುಹಾಕುವುದು. ನಮ್ಮ ಕೆಳಗಿನ ಮನೆಯ ಅಜ್ಜಿ ತಮ್ಮ ತವರಿನ ಹಳ್ಳಿಮನೆಯಲ್ಲಿ ಹೀಗೇ ಮಾಡುತ್ತಿದ್ದರಂತೆ. ಕುಂಡವೇ ಬೇಡ, ಮಣ್ಣೇ ಬೇಡ, ಇಪ್ಪತ್ತು ಗಿಡ ಒಂದು ಮೂಲೆಯಲ್ಲಿ. ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಇದು ನಡೆಯುವುದಕ್ಕೆ ಕಾರಣವಿದೆ. ಒಣ ಕಾಲ ಬರುವ ನೆಲದಲ್ಲಿ ಹುಟ್ಟಿದ ಗಿಡವಾದ್ದರಿಂದ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವುದು ಅದಕ್ಕೆ ಗೊತ್ತು. ಆದರೆ ನೆಲ ಅಗೆದು ಕಲ್ಲುಕಟ್ಟಿದ ಹಳ್ಳಿಮನೆಯ ಮಾಳಿಗೆ ತಣ್ಣಗೂ ಇರುತ್ತಿತ್ತು, ಸ್ವಲ್ಪ ತೇವವೂ ಇರುತ್ತಿತ್ತು. ಈಗಿನ ಅಪಾರ್ಟ್‌ಮೆಂಟಿನ ಕೆಳಗೆ ಬಿಸಿನೀರಿನ ಪೈಪು ಹಾದುಹೋಗುತ್ತದೆ, ಬಾಯ್ಲರ್ ಇರುತ್ತದೆ. ನಮ್ಮ ಗೂಡಿನಲ್ಲಿ ಆಮೇಲೊಮ್ಮೆ ಅಳೆದರೆ ಜನವರಿಯಲ್ಲೂ 16 ಡಿಗ್ರಿ. ಅಮ್ಮನ ಮೇಲೆ ಹಾಕಿದ ಆರು ಗಿಡಗಳ ತಪ್ಪಿನಲ್ಲಿ ಈ ಪೈಪಿನ ಪಾಲೂ ಇತ್ತು ಅನ್ನಿ. ಅಂಥಲ್ಲಿ ಚೀಲದಲ್ಲಿಟ್ಟ ಗಿಡ ಒಣಮೆಣಸಿನಕಾಯಿ ಆಗುತ್ತದೆ. ಎಂಟು ಇಟ್ಟು ಮೂರು ಉಳಿಸಿಕೊಂಡದ್ದು ನನ್ನ ಅತ್ಯುತ್ತಮ ಸಾಧನೆ.

ಮಾಡಲೇಬೇಕೆಂದಿದ್ದರೆ ತಿಂಗಳಿಗೊಮ್ಮೆ ತೆಗೆದು ಬೇರನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ಮೇಲಿನ ತೇವ ಆರಿಸಿ, ಬೂಷ್ಟು ಬಂದದ್ದನ್ನು ಎತ್ತಿ ಎಸೆದು ಮತ್ತೆ ಇಡಿ. ಮಾರ್ಚ್ ಕೊನೆಗೆ ಚೀಲ ಬಿಚ್ಚಿದಾಗ ಸೌದೆ ಕಡ್ಡಿಯಂತೆ ಕಂಡರೆ ಹೆದರಬೇಡಿ. ಉಗುರಿನಿಂದ ಸಿಪ್ಪೆ ಕೆರೆಯಿರಿ, ಒಳಗೆ ಹಸಿರಿದ್ದರೆ ಜೀವವಿದೆ. ಹಸಿರು ಸಿಗುವವರೆಗೆ ಕೆಳಕ್ಕೆ ಕತ್ತರಿಸುತ್ತ ಬನ್ನಿ, ಹೊಸ ಮಣ್ಣಿನಲ್ಲಿ ನೆಡಿ. ನೆಟ್ಟಗೆ ನಿಲ್ಲುವ ದಪ್ಪ ಕಾಂಡದ ಜೋನಲ್ ತಳಿ ಇದನ್ನು ತಾಳುತ್ತದೆ. ಇಳಿಬೀಳುವ ಬಳ್ಳಿ ತಳಿಯ ಕಾಂಡ ತೆಳು, ಅಷ್ಟಾಗಿ ತಾಳುವುದಿಲ್ಲ.

ಕಡ್ಡಿ ನೆಡುವುದು: ನನ್ನ ಪಕ್ಷಪಾತ ಇಲ್ಲಿದೆ

ಇಡೀ ಗಿಡ ಉಳಿಸುವ ಹಟ ಬಿಟ್ಟರೆ ಚಳಿಗಾಲ ಸಲೀಸು. ಒಂದು ದೊಡ್ಡ ಕುಂಡ ಕೂರುವ ಜಾಗದಲ್ಲಿ ಆರು ಕಡ್ಡಿ ಕೂರುತ್ತವೆ. ಮರುವರ್ಷದ ಗಿಡ ಹೊಸದಾಗಿ, ಪೊದೆಯಾಗಿ ಬರುತ್ತದೆ. ಎಲೆಯಲ್ಲಿ ಹೊಂಬಣ್ಣ, ಕಂದುಗೆಂಪು, ಹಸಿರು ಕೂಡಿರುವ ಮಿಸೆಸ್ ಪೊಲಾಕ್ ಎಂಬ ತಳಿ 1858ರದ್ದು. ಬೀಜದಿಂದ ಅದು ತದ್ರೂಪವಾಗಿ ಬರುವುದಿಲ್ಲ. ಅಂದರೆ ಇವತ್ತು ನರ್ಸರಿಯಲ್ಲಿ ಕಾಣುವ ಪ್ರತಿ ಮಿಸೆಸ್ ಪೊಲಾಕ್ ಕೂಡ ಕಡ್ಡಿಯಿಂದ ಕಡ್ಡಿಗೆ ದಾಟಿಕೊಂಡು ಬಂದದ್ದು.

ಹೂವಿಲ್ಲದ ಗಟ್ಟಿ ಚಿಗುರು ಆರಿಸಿ. ಮುರಿದರೆ ಎಳೆ ಬೀನ್ಸಿನಂತೆ ಟಕ್ ಎನ್ನಬೇಕು. 8ರಿಂದ 10 ಸೆಂಟಿಮೀಟರ್ ಉದ್ದ, ಗೆಣ್ಣಿನ ಸ್ವಲ್ಪ ಕೆಳಗೆ ಹರಿತ ಬ್ಲೇಡಿನಿಂದ ಕತ್ತರಿಸಿ. ತುದಿಯ ಎರಡು ಮೂರು ಎಲೆ ಬಿಟ್ಟು ಉಳಿದವನ್ನೂ, ಗೆಣ್ಣಿಗಂಟಿದ ಕಾಗದದಂಥ ಸಣ್ಣ ಪೊರೆಗಳನ್ನೂ ತೆಗೆಯಿರಿ. ಈ ಹೊತ್ತಿಗೆ ಬೆರಳಿಗೆ ಹತ್ತಿದ ಘಾಟು ಎರಡು ಸಲ ಸೋಪು ಹಾಕಿದರೂ ಹೋಗುವುದಿಲ್ಲ. ಕಡ್ಡಿಯನ್ನು ತಕ್ಷಣ ನೆಡದೆ ಮೇಜಿನ ಮೇಲೆ ನಾಲ್ಕಾರು ಗಂಟೆ ಬಿಡಿ, ಗಾಯ ಒಣಗಲಿ. ಆಮೇಲೆ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿದ, ಗೊಬ್ಬರ ಹೆಚ್ಚಿಲ್ಲದ ಸಪ್ಪೆ ಮಣ್ಣಿನಲ್ಲಿ ನೆಡುವುದು.

ಕುಂಡಕ್ಕೆ ದುಡ್ಡು ಹಾಕಬೇಡಿ. ಐನೂರು ಗ್ರಾಮಿನ ಮೊಸರಿನ ಕಪ್ಪಿಗೆ ಕಾಯಿಸಿದ ಮೊಳೆಯಿಂದ ತಳದಲ್ಲಿ ನಾಲ್ಕು ತೂತು ಮಾಡಿದರೆ ಆಯಿತು. ಐಸ್‌ಕ್ರೀಮ್ ಡಬ್ಬಿಯನ್ನೂ ಬಿಸಾಡದ ಜನ ನಾವು, ಈ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಪ್ಲಾಸ್ಟಿಕ್ ಕವರ್ ಮುಚ್ಚಬೇಡಿ. ಬೇರೆ ಗಿಡಗಳ ಕಡ್ಡಿಗೆ ಹಾಗೆ ಮಾಡುವುದುಂಟು, ನಾನೂ ಮೊದಲ ವರ್ಷ ಮಾಡಿದೆ. ಹತ್ತನೇ ದಿನ ತೆಗೆದು ನೋಡಿದರೆ ಹದಿನೈದು ಕಡ್ಡಿಯೂ ಬುಡದಿಂದ ಮೇಲಕ್ಕೆ ಇದ್ದಿಲಿನಂತೆ ಕಪ್ಪಾಗಿದ್ದವು. ಕಪ್ಪುಕಾಲು ಎನ್ನುವ ಈ ರೋಗ ತೇವದಲ್ಲೇ ಬರುವುದು. ಬಯಲಲ್ಲೇ ಇಡಿ, ಮಣ್ಣು ಒಣಗಿದಂತೆ ಕಂಡಾಗ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಿ. ಮೂರು ನಾಲ್ಕು ವಾರದಲ್ಲಿ ಮೆಲ್ಲಗೆ ಎಳೆದರೆ ಬರಲೊಲ್ಲೆ ಎನ್ನುತ್ತದೆ, ಬೇರು ಹಿಡಿಯಿತೆಂದು ಲೆಕ್ಕ.

ಇದರ ಕಷ್ಟಗಳೂ ಇವೆ. ಒಳ್ಳೆಯ ಕಾಲ ಆಗಸ್ಟ್ ಕೊನೆ, ಸೆಪ್ಟೆಂಬರ್. ಅಕ್ಟೋಬರಿನಲ್ಲಿ ನೆಟ್ಟದ್ದು ಕುಂಟುತ್ತದೆ. ಎಳೆ ಗಿಡಕ್ಕೆ ಬೆಳಕಿನ ಕಿಟಕಿ ಬೇಕೇ ಬೇಕು, ನೆಲಮಾಳಿಗೆ ಆಗದು. ಆರು ವಾರ ಊರಿಗೆ ಹೋಗುವವರು ಪಕ್ಕದವರಿಗೆ ಕೀ ಕೊಟ್ಟು ಹೋಗಬೇಕು. ಫೆಬ್ರವರಿಯಲ್ಲಿ ತುದಿ ಚಿವುಟದಿದ್ದರೆ ಒಂಟಿಕಾಲಲ್ಲಿ ನೀಳವಾಗಿ ನಿಲ್ಲುತ್ತದೆ. ಹೂವು ಹಳೆಯ ಗಿಡಕ್ಕಿಂತ ಕೆಲವು ವಾರ ತಡ, ನನಗೆ ಸಾಮಾನ್ಯವಾಗಿ ಜೂನ್.

ಬೆಚ್ಚಗಿನ ನಡುಮನೆಯಲ್ಲಿ

ಒಂದೋ ಎರಡೋ ಗಿಡಕ್ಕೆ ಸರಿ. ದಕ್ಷಿಣದ ಕಿಟಕಿಯಲ್ಲಿ ಡಿಸೆಂಬರಿನಲ್ಲೂ ಒಂದು ಕೆಂಪು ಗೊಂಚಲು ಕಂಡರೆ ಮನಸ್ಸಿಗೆ ಹಿತ, ಅಷ್ಟರ ಮಟ್ಟಿಗೆ ನಾನೂ ದುರ್ಬಲಳು. ಆದರೆ ಗಿಡಹೇನು, ಬಿಳಿನೊಣ ಬೆಚ್ಚಗಿನ ಮನೆಯಲ್ಲೇ ಸಂಸಾರ ಹೂಡುವುದು. ಬೆಕ್ಕು ನಾಯಿ ಇರುವ ಮನೆಯಲ್ಲಿ ಎಟುಕದ ಕಡೆ ಇಡಿ. ಎಲೆ ತಿಂದರೆ ಅವಕ್ಕೆ ಹೊಟ್ಟೆ ಕೆಡುತ್ತದೆ.

ಬಿಟ್ಟುಕೊಟ್ಟು ಹೊಸದು ಕೊಳ್ಳುವುದು

ಇದನ್ನು ಹೇಳಿದರೆ ನಮ್ಮವರಿಗೆ ಬೇಸರ. ಆದರೂ ಲೆಕ್ಕ ಹಾಕೋಣ. ನಮ್ಮ ಕಡೆ ಮೇ ತಿಂಗಳಲ್ಲಿ ಸಾಮಾನ್ಯ ಸಸಿಯೊಂದು 2ರಿಂದ 4 ಯೂರೋಗೆ ಸಿಗುತ್ತದೆ. ಹನ್ನೆರಡಕ್ಕೆ ಹೆಚ್ಚೆಂದರೆ 48. ಅದನ್ನು ಉಳಿಸಲೆಂದು ಗಿಡಕ್ಕೆ ಬೆಳಕು ಕೊಡುವ ಗ್ರೋ ಲೈಟು, ಸ್ಟ್ಯಾಂಡು, ಹೊಸ ಮಣ್ಣು ತಂದರೆ ಅಷ್ಟು ಅಲ್ಲಿಗೇ ಹೋಯಿತು. ಹೆಸರಿಲ್ಲದ ಸಾಮಾನ್ಯ ಕೆಂಪು ಗಿಡ, ಜಾಗವಿಲ್ಲದ ಮನೆ, ಡಿಸೆಂಬರಿನಲ್ಲಿ ಊರ ಪ್ರಯಾಣ, ಈ ಮೂರೂ ಕೂಡಿದರೆ ಕಾಂಪೋಸ್ಟಿಗೆ ಹಾಕುವುದು ತಪ್ಪಲ್ಲ. ಅಪರೂಪದ ದೊಡ್ಡ ಗಿಡವಿದ್ದರೆ ಇಲ್ಲಿನ ಕೆಲವು ನರ್ಸರಿಗಳು ಬಾಡಿಗೆಗೆ ಚಳಿಗಾಲ ಕಳೆಸಿಕೊಡುತ್ತವೆ, ವಿಚಾರಿಸಿ ನೋಡಿ. ಸಾಮಾನ್ಯ ಗಿಡಕ್ಕಂತೂ ಆ ಬಾಡಿಗೆ ದುಬಾರಿ.

ಬೆಂಗಳೂರು, ಮಡಿಕೇರಿಯಲ್ಲಿ ಕುಂಡದಲ್ಲಿ ಬೆಳೆಸುವವರು ಇದನ್ನೋದಿ ಗಾಬರಿಯಾಗಿ ಗಿಡ ಬೋಳಿಸಿ ಚೀಲಕ್ಕೆ ತುಂಬಬೇಡಿ. ಅಲ್ಲಿ ಅದರ ಶತ್ರು ಮಳೆ. ಮಳೆ ಹಿಂದೆಗೆದ ಮೇಲೆ ಕೊಳೆತ ಭಾಗ ಕತ್ತರಿಸಿ, ಅದೇ ಸಮಯಕ್ಕೆ ಕಡ್ಡಿ ನೆಟ್ಟುಕೊಳ್ಳಿ. ನಿಮ್ಮ ಚಳಿಗಾಲವೇ ಅದಕ್ಕೆ ಹಬ್ಬ.

ಹಾಗಾದರೆ ಯಾರಿಗೆ ಏನು ಹೇಳಿದೆ

ಸ್ಟುಟ್‌ಗಾರ್ಟ್‌ನ ಗೆಳತಿಗೆ ಇರುವುದು ಒಂದು ತಂಪು ಕಿಟಕಿ, ಮಲಗುವ ಕೋಣೆಯದು. ಕೆಳಗಿನ ಗೂಡಿನಲ್ಲಿ ಬಾಯ್ಲರ್ ಪೈಪು. ಹನ್ನೆರಡರಲ್ಲಿ ಹೆಚ್ಚು ಇಷ್ಟವಾದ ಎರಡನ್ನು ಆರಿಸು, ಒಂದೊಂದರಿಂದ ನಾಲ್ಕು ಕಡ್ಡಿ ಮಾಡು, ಎಂಟು ಮೊಸರಿನ ಕಪ್ಪು ಆ ಕಿಟಕಿಗೆ ಸರಿಹೋಗುತ್ತದೆ ಎಂದೆ. ಎರಡು ಹೆಚ್ಚೇ ನೆಡಬಹುದು, ಒಂದೆರಡು ಸಾಯುತ್ತವೆ. ಉಳಿದ ಗಿಡ ಮೊದಲ ಹಿಮದವರೆಗೂ ಬಾಲ್ಕನಿಯಲ್ಲೇ ಹೂ ಬಿಡಲಿ. "ಆಮೇಲೆ?" ಎಂದಳು. ಆಮೇಲೆ ಫೋಟೋ ತೆಗೆದುಕೊಂಡು ಕಾಂಪೋಸ್ಟು.

ಭಾವನಿಗೆ ಮೊದಲು ಥರ್ಮಾಮೀಟರ್ ಇಡಲು ಹೇಳಿದೆ. ವಾರ ಬಿಟ್ಟು ಲೆಕ್ಕ ಬಂತು: ಬೇಸ್‌ಮೆಂಟು 18, ಮನೆಗಂಟಿದ ಗ್ಯಾರೇಜಿನ ಒಳಗೋಡೆಯ ಬಳಿ 9. ಹಾಗಾಗಿ ಗ್ಯಾರೇಜು, ಕುಂಡದ ಸಮೇತ, ಬೋಳಿಸಿ. ಜನವರಿಯ ಭಾರೀ ಚಳಿಯಲ್ಲಿ ಸೊನ್ನೆಯ ಹತ್ತಿರ ಬಂದರೆ ಹಳೆ ಕಂಬಳಿ ಹೊದಿಸಿ, ಇನ್ನೂ ಇಳಿದರೆ ನಾಲ್ಕು ದಿನ ಬೇಸ್‌ಮೆಂಟಿಗೆ. ಮಾರ್ಚಿನಲ್ಲಿ ಬೆಳಕಿಗೆ ತಂದು ಹೊಸ ಮಣ್ಣು. ಹೊರಗಿಡುವುದು ಅಲ್ಲಿ ಮೇ ಕೊನೆಗೆ. ನಮ್ಮ ಕಡೆ ಮೇ 11ರಿಂದ 15ರವರೆಗಿನ ಐಸ್‌ಹೈಲಿಗೆ, ಅಂದರೆ ಚಳಿಸಂತರ ದಿನಗಳು ಕಳೆದ ಮೇಲೆ. ಎಲ್ಲಿಯಾದರೂ ಒಂದು ವಾರ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ರೂಢಿ ಮಾಡಿಸಬೇಕು.

"ಮತ್ತೆ ನೀರು?" ಎಂದು ಕೇಳಿದರು ಭಾವ. ಈ ಡಿಸೆಂಬರಿಗೆ ಅಮ್ಮ ಅಲ್ಲಿಗೆ ಹೋಗುವವರಿದ್ದಾರೆ. ಗ್ಯಾರೇಜಿನ ಕೀ ಜೇಬಲ್ಲೇ ಇಟ್ಟುಕೊಳ್ಳಿ ಎಂದೆ.